ಐದು ವಿಭಾಗ, ಒಂದು ತರಗತಿ: ಮಂಡ್ಯ ಜಿಲ್ಲೆಯ ಕಾಲೇಜೊಂದು ವಯಸ್ಕರಿಗಾಗಿ ರೂಪಿಸಿದ ಕೋರ್ಸಿನ ಪ್ರಕರಣ

ಮಂಡ್ಯ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿರುವ ಅನುದಾನಿತ ಪದವಿ ಕಾಲೇಜಿನ ಅನುಭವ ಇದು. ಕಾಲೇಜಿಗೆ ಸ್ವಾಯತ್ತ ಸ್ಥಾನಮಾನವಿದೆ. ಎಂದರೆ ಪಠ್ಯಕ್ರಮವನ್ನು ತಾನೇ ರೂಪಿಸಬಹುದು, ಪರೀಕ್ಷೆಯನ್ನು ತಾನೇ ನಡೆಸಬಹುದು. ಹೊರಗಿನ ಸದಸ್ಯನಾಗಿ ನಾನು ಪಠ್ಯಕ್ರಮ ನಿರ್ಧರಿಸುವ ಅದರ ಅಧ್ಯಯನ ಮಂಡಳಿಯಲ್ಲಿದ್ದೆ. ಕಾಲೇಜು, ಅಧ್ಯಾಪಕರು, ಕಲಿಯಲು ಬಂದವರು ಯಾರ ಗುರುತೂ ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳನ್ನೂ ಅವುಗಳ ಕ್ರಮವನ್ನೂ ಬದಲಿಸಿಲ್ಲ.

ಹಿನ್ನೆಲೆ

ಕೋರ್ಸಿನ ಹುಟ್ಟಿಗೆ ಎರಡು ಕಾರಣಗಳಿದ್ದವು. ಸಭೆಗಳಲ್ಲಿ ಹೇಳುತ್ತಿದ್ದ ಕಾರಣ ರಾಷ್ಟ್ರೀಯ ಶಿಕ್ಷಣ ನೀತಿ 2020. ಹಲವು ವಿಷಯಗಳನ್ನು ಬೆರೆಸುವ ಬಹುಶಿಸ್ತೀಯ ಕಲಿಕೆ, ಯಾವ ವಯಸ್ಸಿನಲ್ಲಾದರೂ ಓದಿಗೆ ಮರಳುವ ಅವಕಾಶ, ಮುಗಿಸಿದ ಪಾಠದ ಅಳತೆಯಾದ ಕ್ರೆಡಿಟ್‌ಗಳನ್ನು ಕೂಡಿಟ್ಟುಕೊಳ್ಳುವ ಬ್ಯಾಂಕ್ ಇವೆಲ್ಲ ಆಗ ಎಲ್ಲರ ಬಾಯಲ್ಲಿದ್ದವು. ಕರ್ನಾಟಕ 2021-22ರಲ್ಲಿ ಆ ನೀತಿಯನ್ನು ಪದವಿ ಹಂತದಲ್ಲಿ ಜಾರಿಗೆ ತಂದು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸಭೆಗಳಲ್ಲಿ ಹೇಳದ ಕಾರಣ ಇನ್ನೂ ಸರಳ: ಕಲಾ ವಿಭಾಗಕ್ಕೆ ಸೇರುವವರು ಕಡಿಮೆಯಾಗಿದ್ದರು, ಮಧ್ಯಾಹ್ನದ ಮೇಲೆ ಕೊಠಡಿಗಳು ಖಾಲಿ ಇರುತ್ತಿದ್ದವು, ಪಾಠದ ಗಂಟೆಗಳು ಸಾಲದೆ ಅತಿಥಿ ಉಪನ್ಯಾಸಕರು ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದರು. ಈ ಎರಡನೆಯ ಕಾರಣವನ್ನು ನಾನು ಕೀಳಾಗಿ ಕಾಣುವುದಿಲ್ಲ. ಮುಂದೆ ಎಲ್ಲ ಜಗಳಗಳೂ ಹುಟ್ಟಿದ್ದು ಅಲ್ಲಿಂದಲೇ, ಪರಿಹಾರ ಸಿಕ್ಕಿದ್ದೂ ಅಲ್ಲೇ.

ಒಂಟಿಯಾಗಿ ಕುಳಿತು ಓದಬಲ್ಲ ವಯಸ್ಕರಿಗೆ ಮೈಸೂರಿನಲ್ಲಿ 1996ರಿಂದ ರಾಜ್ಯ ಮುಕ್ತ ವಿಶ್ವವಿದ್ಯಾಲಯವಿದೆ. ಈ ಕಾಲೇಜು ಹುಡುಕುತ್ತಿದ್ದದ್ದು ತರಗತಿಯ ಒಡನಾಟ ಬೇಕೆನ್ನುವವರನ್ನು. ಅಂಥವರು ಸಿಕ್ಕರು ಕೂಡ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾಗಿ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿತ್ತು. ಸುತ್ತಲಿನ ಹಳ್ಳಿಗಳಿಂದ ಬಂದ ಅರ್ಜಿಗಳಲ್ಲಿ ಬಹುಪಾಲು ಹೆಂಗಸರದ್ದೇ ಆಗಿದ್ದುದು ಆಶ್ಚರ್ಯವಲ್ಲ. ಮೂವತ್ತರ ಆಸುಪಾಸಿನಷ್ಟು ಜನ ಸೇರಿದರು. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು, ಗ್ರಾಮ ಪಂಚಾಯಿತಿ ಸದಸ್ಯೆಯರು, ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದವರು, ಊರಿನ ಗ್ರಂಥಾಲಯವಾದ ಅರಿವು ಕೇಂದ್ರ ನೋಡಿಕೊಳ್ಳುವವರು, ಕಬ್ಬು ಬೆಳೆಯುವ ಕೆಲವು ಗಂಡಸರು, ವಿಶ್ವೇಶ್ವರಯ್ಯ ನಾಲೆಯ ಉಪನಾಲೆಯೊಂದರಲ್ಲಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾಗಿದ್ದ ಒಬ್ಬ ನೀರುಗಂಟಿ. ಕಿರಿಯರಿಗೆ ಮೂವತ್ತು ದಾಟಿತ್ತು, ನೀರುಗಂಟಿಗೆ ಅರವತ್ತು.

ಮೊದಲ ವಿನ್ಯಾಸ

ಒಂದು ವರ್ಷದ ಸರ್ಟಿಫಿಕೇಟ್ ಕೋರ್ಸು, 20 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 15 ಗಂಟೆ ಪಾಠ ಎಂಬ ರೂಢಿಯ ಲೆಕ್ಕದಲ್ಲಿ 300 ಗಂಟೆ. ಅರ್ಥಶಾಸ್ತ್ರ, ಇತಿಹಾಸ, ಕನ್ನಡ, ಪರಿಸರ ವಿಜ್ಞಾನ, ಗಣಕ ವಿಜ್ಞಾನ ಈ ಐದೂ ವಿಭಾಗಗಳಿಗೆ ತಲಾ 4 ಕ್ರೆಡಿಟ್. ಅಣ್ಣತಮ್ಮಂದಿರು ಪಾಲು ಹಂಚಿಕೊಂಡಷ್ಟು ಕರಾರುವಾಕ್ಕಾಗಿ ಹಂಚಿಕೆ ಮುಗಿಯಿತು. ಮಂಡಳಿಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ, ಏಕೆಂದರೆ ಯಾರಿಗೂ ಕಡಿಮೆ ಬಂದಿರಲಿಲ್ಲ. ಪ್ರತಿ ವಿಭಾಗವೂ ತನ್ನ ಮೊದಲ ಸೆಮಿಸ್ಟರಿನ ಪಠ್ಯವನ್ನು ಸ್ವಲ್ಪ ಕತ್ತರಿಸಿ ಕೊಟ್ಟಿತು. ಹೆಸರಿನಲ್ಲಿ 'ಅಂತರಶಿಸ್ತೀಯ' ಎಂಬುದಿತ್ತು. ವೇಳಾಪಟ್ಟಿ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ.

ಆಗಸ್ಟ್‌ನಲ್ಲಿ ತರಗತಿ ಆರಂಭವಾಯಿತು. ಅರ್ಥಶಾಸ್ತ್ರದ ಪಾಠ ಹಣ ಎಂದರೇನು ಎಂಬಲ್ಲಿಂದ, ಇತಿಹಾಸ ಸಿಂಧೂ ಕಣಿವೆಯಿಂದ, ಗಣಕ ವಿಜ್ಞಾನ ಕಂಪ್ಯೂಟರಿನ ಭಾಗಗಳಿಂದ ಶುರುವಾಯಿತು. ಇಪ್ಪತ್ತು ಹೆಂಗಸರ ಉಳಿತಾಯ, ಸಾಲ, ಬಡ್ಡಿಯನ್ನು ವರ್ಷಗಟ್ಟಲೆ ಒಂದೇ ಪುಸ್ತಕದಲ್ಲಿ ತಪ್ಪಿಲ್ಲದೆ ಬರೆದುಕೊಂಡು ಬಂದ ಒಬ್ಬರು ಮೊದಲ ಬೆಂಚಿನಲ್ಲಿ ಕುಳಿತು ಹಣದ ನಾಲ್ಕು ಕಾರ್ಯಗಳನ್ನು ಬರೆದುಕೊಳ್ಳುತ್ತಿದ್ದರು. ಸೆಪ್ಟೆಂಬರ್ ಹೊತ್ತಿಗೆ ಅರ್ಧಕ್ಕರ್ಧ ಜನ ಬರುವುದನ್ನು ನಿಲ್ಲಿಸಿದ್ದರು. ಓದುವ ರೂಢಿ ತಪ್ಪಿದೆ, ಮನೆಯ ಜವಾಬ್ದಾರಿ ಹೆಚ್ಚು, ಆಸಕ್ತಿ ಕಡಿಮೆ ಎಂದು ಅಧ್ಯಾಪಕರ ಕೊಠಡಿಯಲ್ಲಿ ವಿವರಣೆಗಳು ಹೊರಟವು. ದೋಷ ಬಂದವರದ್ದು ಎಂದು ತೋರಿಸುವುದೊಂದೇ ಈ ವಿವರಣೆಗಳ ಸಮಾನ ಗುಣ. ಭಾನುವಾರ ಹೆಂಗಸರಿಗೆ ವಾರದಲ್ಲೇ ಹೆಚ್ಚು ಕೆಲಸದ ದಿನ ಎಂಬುದನ್ನು ವೇಳಾಪಟ್ಟಿ ಹಾಕುವ ಮುನ್ನ ಯಾರೂ ಕೇಳಿರಲಿಲ್ಲ.

ತಿರುವು

ಅದು ಮಳೆ ಕೈಕೊಟ್ಟ ವರ್ಷ. ಕಾವೇರಿಯಿಂದ ತಮಿಳುನಾಡಿಗೆ ದಿನಕ್ಕೆ 5,000 ಕ್ಯೂಸೆಕ್‌ನಂತೆ 15 ದಿನ ನೀರು ಬಿಡಬೇಕೆಂಬ ಆದೇಶ ಬಂದು ಜಿಲ್ಲೆಯಲ್ಲಿ ಚಳವಳಿ ಎದ್ದಿತ್ತು. ಸೆಪ್ಟೆಂಬರ್‌ನಲ್ಲಿ ಮಂಡ್ಯ ಬಂದ್ ಆಯಿತು. ಆ ದಿನಗಳ ಒಂದು ಶನಿವಾರ ಬಂದದ್ದು ಏಳೆಂಟು ಜನ. ಸಂಯೋಜಕಿ ಅರ್ಥಶಾಸ್ತ್ರದ ಅಧ್ಯಾಪಕಿ. ಇಷ್ಟು ಜನಕ್ಕೆ ಪಾಠ ಬೇಡವೆಂದು ಕಾಫಿ ತರಿಸಿ ಮಾತಿಗೆ ಕುಳಿತರು. ಆಗ ನೀರುಗಂಟಿ ಕೇಳಿದರು: "ಮೇಡಂ, ಟಿವಿಯಲ್ಲಿ ಕ್ಯೂಸೆಕ್ ಅನ್ನುತ್ತಾರೆ, ಪೇಪರಿನಲ್ಲಿ ಟಿಎಂಸಿ ಅನ್ನುತ್ತಾರೆ, ಕಟ್ಟೆ ನೀರನ್ನು ಅಡಿಯಲ್ಲಿ ಹೇಳುತ್ತಾರೆ. ಇವರು ಕೇಳುತ್ತಿರುವುದು ನಮ್ಮ ಕಟ್ಟೆಯಲ್ಲಿ ಎಷ್ಟು ಅಂತ ಒಂದೇ ಲೆಕ್ಕದಲ್ಲಿ ಹೇಳಿಬಿಡಿ."

ಸಂಯೋಜಕಿಗೆ ಗೊತ್ತಿರಲಿಲ್ಲ. ಪರಿಸರ ವಿಜ್ಞಾನ ಹೇಳುತ್ತಿದ್ದ ಭೌತಶಾಸ್ತ್ರದ ಅಧ್ಯಾಪಕರನ್ನು ಪ್ರಯೋಗಾಲಯದಿಂದ ಕರೆಸಿದರು. ಅವರು ಹಲಗೆಯ ಮೇಲೆ ಬರೆದರು: ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. 5,000 ಕ್ಯೂಸೆಕ್ ಒಂದು ದಿನ ಹರಿದರೆ 43.2 ಕೋಟಿ ಘನ ಅಡಿ. ಟಿಎಂಸಿ ಎಂದರೆ 100 ಕೋಟಿ ಘನ ಅಡಿ, ಆದ್ದರಿಂದ ದಿನಕ್ಕೆ 0.432 ಟಿಎಂಸಿ, 15 ದಿನಕ್ಕೆ 6.48. ಕನ್ನಂಬಾಡಿ ಕಟ್ಟೆಯ (ಕೃಷ್ಣರಾಜಸಾಗರ) ಪೂರ್ಣ ಮಟ್ಟ 124.80 ಅಡಿ, ಆಗ ತುಂಬುವ ನೀರು 49.45 ಟಿಎಂಸಿ. ಲೆಕ್ಕ ಮುಗಿಯಿತೆಂದು ಅವರು ಸೀಮೆಸುಣ್ಣ ಇಟ್ಟಾಗ ನೀರುಗಂಟಿ ತಲೆಯಾಡಿಸಲಿಲ್ಲ. ತೂಬಿನಲ್ಲಿ ಬಿಟ್ಟದ್ದೆಲ್ಲ ಕೊನೆ ಭಾಗಕ್ಕೆ ತಲುಪುವುದಿಲ್ಲ, ಹೂಳು ತುಂಬಿದ ನಾಲೆಯಲ್ಲಿ ಒಂದು ಕಟ್ಟು ನೀರು, ಎಂದರೆ ಒಂದು ಸರದಿಯ ನೀರು, ಎಷ್ಟು ದಿನ ತಡವಾಗುತ್ತದೆ, ಯಾರ ಗದ್ದೆಯ ಹತ್ತಿರ ನಾಲೆ ಒಡೆದಿರುತ್ತದೆ ಎಂದು ಅವರು ಹೇಳತೊಡಗಿದರು. ಅಷ್ಟರಲ್ಲಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಇತಿಹಾಸದ ಅತಿಥಿ ಉಪನ್ಯಾಸಕ ಒಳಗೆ ಬಂದರು. ಕಾವೇರಿ ನೀರಿನ ಬಗ್ಗೆ ಮೈಸೂರು ಮತ್ತು ಮದ್ರಾಸು ಮಾಡಿಕೊಂಡ 1892 ಮತ್ತು 1924ರ ಒಪ್ಪಂದಗಳು, 2007ರ ನ್ಯಾಯಾಧಿಕರಣದ ಅಂತಿಮ ತೀರ್ಪು, ಕರ್ನಾಟಕ ತಮಿಳುನಾಡಿಗೆ ವರ್ಷಕ್ಕೆ ಬಿಡಬೇಕಾದ 192 ಟಿಎಂಸಿಯನ್ನು 177.25ಕ್ಕೆ ಇಳಿಸಿದ 2018ರ ಸುಪ್ರೀಂ ಕೋರ್ಟ್ ತೀರ್ಪು. ಅದು ಸಾಮಾನ್ಯ ಮಳೆಯ ವರ್ಷದ ಲೆಕ್ಕ ಎಂದರು. ಸಂಘದ ಲೆಕ್ಕ ಬರೆಯುವವರು ಕೂಡಲೇ ಕೇಳಿದರು: "ಈ ವರ್ಷ ಸಾಮಾನ್ಯ ಅಲ್ಲ ಅಂತ ತೀರ್ಮಾನ ಮಾಡುವವರು ಯಾರು ಸಾರ್?"

ಮೂವರು ಅಧ್ಯಾಪಕರಲ್ಲಿ ಒಬ್ಬರೇ ಇದ್ದಿದ್ದರೆ ಆ ಪ್ರಶ್ನೆಯವರೆಗೆ ತಲುಪುತ್ತಿರಲಿಲ್ಲ. ತರಗತಿ ಸಂಜೆಯ ಕೊನೆಯ ಬಸ್ಸಿನವರೆಗೂ ನಡೆಯಿತು. ಮುಂದಿನ ವಾರ ಇತಿಹಾಸ ಹರಪ್ಪಕ್ಕೆ, ಅರ್ಥಶಾಸ್ತ್ರ ಬೇಡಿಕೆಯ ರೇಖೆಗೆ ಮರಳಿದವು. ಇದನ್ನು ಒತ್ತಿ ಹೇಳಬೇಕು. ಒಳ್ಳೆಯ ತರಗತಿಯೊಂದು ಎಲ್ಲ ಕಾಲೇಜುಗಳಲ್ಲೂ ಆಗೊಮ್ಮೆ ಈಗೊಮ್ಮೆ ನಡೆಯುತ್ತದೆ, ವೇಳಾಪಟ್ಟಿ ಅದನ್ನು ಸದ್ದಿಲ್ಲದೆ ನುಂಗುತ್ತದೆ. ಈ ಪ್ರಕರಣದಲ್ಲಿ ಹಾಗಾಗದೆ ಉಳಿದದ್ದು ಸಂಯೋಜಕಿ ಪ್ರಾಂಶುಪಾಲರಿಗೆ ಬರೆದ ಒಂದು ಟಿಪ್ಪಣಿಯಿಂದ. ಪಠ್ಯಕ್ರಮ ಬದಲಿಸಿ ಎಂದು ಅವರು ಕೇಳಲಿಲ್ಲ. ವಾರಕ್ಕೆ ಎರಡು ಗಂಟೆ ಇಬ್ಬರು ಅಧ್ಯಾಪಕರು ಒಂದೇ ಕೊಠಡಿಯಲ್ಲಿರಲು ಅನುಮತಿ ಕೇಳಿದರು.

ಅನುಮೋದನೆ ಪಡೆದ ಪಠ್ಯವನ್ನು ಸೆಮಿಸ್ಟರ್ ನಡುವೆ ಬದಲಿಸುವಂತಿಲ್ಲ ಎಂದು ಪರೀಕ್ಷಾ ನಿಯಂತ್ರಕರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಆಂತರಿಕ ಮೌಲ್ಯಮಾಪನದ ಅಂಕಗಳಿಗೆ ಏನು ಮಾಡಿಸಬೇಕೆಂಬುದು ಅಧ್ಯಾಪಕರ ವಿವೇಚನೆಗೆ ಬಿಟ್ಟ ವಿಷಯ. ಐದೂ ಪತ್ರಿಕೆಗಳ ಆಂತರಿಕ ಅಂಕಗಳನ್ನು ಒಂದೇ ಕಾರ್ಯಯೋಜನೆಗೆ ಕಟ್ಟಿದರು: ನಿಮ್ಮೂರಿನ ನಾಲೆಯ ನೀರಿನ ಲೆಕ್ಕ. ಬಿಟ್ಟುಹೋಗಿದ್ದವರಲ್ಲಿ ಕೆಲವರು ಇದಕ್ಕಾಗಿ ವಾಪಸು ಬಂದರು.

ಎರಡನೆಯ ವಿನ್ಯಾಸ

ಮರುವರ್ಷಕ್ಕೆ ಐದು ಪತ್ರಿಕೆಗಳು ಹೋಗಿ ಮೂರು ಪ್ರಶ್ನೆಗಳು ಬಂದವು. ಮೊದಲನೆಯದು ನೀರಿನದು. ಎರಡನೆಯದು ಕಬ್ಬಿನ ಬಿಲ್ಲು, ಎಂದರೆ ಕಾರ್ಖಾನೆ ರೈತರಿಗೆ ಕೊಡುವ ಹಣದ ಲೆಕ್ಕ. ಮೂರನೆಯದು ಜಮೀನಿನ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದು. 1933ರಲ್ಲೇ ಸಕ್ಕರೆ ಕಂಪನಿ ಹುಟ್ಟಿದ ಜಿಲ್ಲೆಯಲ್ಲಿ ಎರಡನೆಯ ಪ್ರಶ್ನೆಗೆ ಬೇರೆ ಸಮರ್ಥನೆ ಬೇಕಿರಲಿಲ್ಲ.

ಕಬ್ಬಿನ ಬಿಲ್ಲಿನ ಘಟಕ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. ಕಲಿಯುವವರು ತಮ್ಮ ಮನೆಯ ಬಿಲ್ಲನ್ನೇ ಹೆಸರು ಮರೆಮಾಡಿ ತರುತ್ತಿದ್ದರು. ಕೇಂದ್ರ ಸರ್ಕಾರ 2023-24ರ ಹಂಗಾಮಿಗೆ ನಿಗದಿ ಮಾಡಿದ್ದ, ಕಾರ್ಖಾನೆ ಕೊಡಲೇಬೇಕಾದ ಕನಿಷ್ಠ ದರವಾದ ಎಫ್‌ಆರ್‌ಪಿ ಟನ್ನಿಗೆ 3,150 ರೂಪಾಯಿ, ಆದರೆ ಅದು ಶೇ 10.25 ಇಳುವರಿಗೆ. ಇಳುವರಿ ಶೇ 9.5ಕ್ಕಿಂತ ಕಡಿಮೆಯಾದರೂ 2,919.75 ರೂಪಾಯಿಗಿಂತ ಕೆಳಗೆ ಇಳಿಯುವಂತಿಲ್ಲ. ಇಳುವರಿ ಎಂದರೆ ಎಕರೆಗೆ ಬಂದ ಕಬ್ಬಲ್ಲ, ಅರೆದ ಕಬ್ಬಿನಿಂದ ಸಿಕ್ಕ ಸಕ್ಕರೆಯ ಪ್ರಮಾಣ. ಕಡಿದ ಕಬ್ಬು ಗಾಡಿಯಲ್ಲಿ ಕಾದಷ್ಟೂ ತೂಕವೂ ಕಡಿಮೆ, ಅದರಲ್ಲಿರುವ ಸುಕ್ರೋಸ್ ಒಡೆದು ಸಕ್ಕರೆಯೂ ಕಡಿಮೆ ಎಂಬುದನ್ನು ರಸಾಯನಶಾಸ್ತ್ರದವರು ಹೇಳಿದರು. ದರ ಕಾರ್ಖಾನೆಯ ಬಾಗಿಲಿನದು, ಕಟಾವು ಮತ್ತು ಸಾಗಣೆಯ ಖರ್ಚು ಅದರಲ್ಲೇ ಮುರಿಯುತ್ತದೆ ಎಂಬುದನ್ನು ಅರ್ಥಶಾಸ್ತ್ರದವರು ಬಿಡಿಸಿದರು. ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿರುವುದನ್ನು ಹೊರಗಿನಿಂದ ಬಂದ ವಕೀಲರೊಬ್ಬರು ಓದಿಸಿದರು. ಗಣಕ ವಿಜ್ಞಾನದವರಿಗೆ ಕಂಪ್ಯೂಟರಿನ ಭಾಗಗಳನ್ನು ಹೇಳುವ ಅಗತ್ಯವೇ ಬರಲಿಲ್ಲ. ಬಡ್ಡಿ ಲೆಕ್ಕ ಹಾಕಲು ಸ್ಪ್ರೆಡ್‌ಶೀಟ್ ಬೇಕಾಯಿತು, ಅದನ್ನು ಕಲಿತರು.

ಕನ್ನಡ ವಿಭಾಗದಲ್ಲಿ ಮಾತ್ರ ಮುನಿಸಿತ್ತು. "ನಮ್ಮನ್ನು ಅರ್ಜಿ ಬರೆಯುವವರನ್ನಾಗಿ ಮಾಡಿದಿರಿ" ಎಂದು ಹಿರಿಯ ಅಧ್ಯಾಪಕರು ಮಂಡಳಿಯಲ್ಲೇ ಹೇಳಿದರು. ಅವರ ಮಾತಿನಲ್ಲಿ ಸತ್ಯವಿತ್ತು: ಮೊದಲ ಕರಡಿನಲ್ಲಿ ಕನ್ನಡಕ್ಕೆ ಕೊಟ್ಟ ಕೆಲಸ ಮನವಿ ಪತ್ರ ಮಾತ್ರ. ಬಹುಶಿಸ್ತೀಯ ಕೋರ್ಸುಗಳಲ್ಲಿ ಭಾಷೆ ಮತ್ತು ಸಾಹಿತ್ಯವನ್ನು ಇತರ ವಿಷಯಗಳ ಗುಮಾಸ್ತೆಯನ್ನಾಗಿಸುವುದು ಸುಲಭವಾಗಿ ಆಗಿಬಿಡುವ ಅನ್ಯಾಯ. ಚರ್ಚೆಯ ನಂತರ ನಾಲೆ ಬರುವ ಮುಂಚಿನ ಬೇಸಾಯವನ್ನು ಕೇಳಿಬಲ್ಲ ಹಿರಿಯರಿಂದ ಮಾತು ಸಂಗ್ರಹಿಸುವುದು, ಅದನ್ನು ಹೇಳಿದವರ ದನಿ ಕೆಡದಂತೆ ಬರೆಯುವುದು, ವರದಿಯ ಭಾಷೆಗೂ ಅದಕ್ಕೂ ಇರುವ ದೂರವನ್ನು ಅಳೆಯುವುದು ಕನ್ನಡದ ಪಾಲಿಗೆ ಸೇರಿದವು. ಎರಡನೆಯ ವರ್ಷದ ಕೊನೆಯಲ್ಲಿ ಹೆಚ್ಚು ಗಂಟೆ ಬೇಕೆಂದು ಕಲಿಯುವವರು ಕೇಳಿದ್ದು ಇದಕ್ಕೇ.

ಪಹಣಿಯ ಘಟಕದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಹಕ್ಕುದಾಖಲೆಯ ನಮೂದನ್ನು ತಪ್ಪೆಂದು ತೋರಿಸುವವರೆಗೆ ಸರಿಯೆಂದು ಭಾವಿಸಬೇಕೆನ್ನುತ್ತದೆ 1964ರ ಭೂಕಂದಾಯ ಕಾಯ್ದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟದ್ದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ. ಈ ಎರಡರ ನಡುವೆ ತಮ್ಮ ಮನೆ ಎಲ್ಲಿ ನಿಂತಿದೆ ಎಂದು ನೋಡಿಕೊಳ್ಳುವುದು ಕೆಲವು ಹೆಂಗಸರಿಗೆ ಕಷ್ಟದ ಪಾಠವಾಯಿತು. ಮನೆಯ ಪಹಣಿ ತರುವುದನ್ನು ಕಡ್ಡಾಯ ಮಾಡಬಾರದೆಂದು ಸಂಯೋಜಕಿ ಮೊದಲ ವಾರದಲ್ಲೇ ನಿರ್ಧರಿಸಿದರು. ಬೇಕಾದವರು ಮಾದರಿ ಪಹಣಿಯ ಮೇಲೆ ಕೆಲಸ ಮಾಡಬಹುದಿತ್ತು. ತರಗತಿಯಿಂದ ಮನೆಗೆ ಜಗಳ ಹೊತ್ತುಕೊಂಡು ಹೋಗಬೇಕೇ ಎಂಬುದು ಕಲಿಯುವವರ ಆಯ್ಕೆಯಾಗಿರಬೇಕು ಎಂಬ ಆ ನಿಲುವು ನನಗೆ ಸರಿಯೆನಿಸುತ್ತದೆ.

ಗಂಟೆಗಳ ಜಗಳ

ಇಷ್ಟೆಲ್ಲ ಹೇಳಿದ ಮೇಲೂ ಕೋರ್ಸು ನಿಂತುಹೋಗುವ ಹಂತಕ್ಕೆ ಬಂದದ್ದು ಪಠ್ಯದ ಕಾರಣಕ್ಕಲ್ಲ. ಇಬ್ಬರು ಅಧ್ಯಾಪಕರು ಒಂದೇ ಗಂಟೆ ಒಂದೇ ಕೊಠಡಿಯಲ್ಲಿದ್ದರೆ ಆ ಗಂಟೆ ಯಾರ ಕಾರ್ಯಭಾರಕ್ಕೆ ಸೇರಬೇಕು? ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ ಎಂಬುದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಲೆಕ್ಕ. ಅತಿಥಿ ಉಪನ್ಯಾಸಕರಿಗಂತೂ ಗಂಟೆಯೇ ಅನ್ನ. ಅರ್ಧರ್ಧ ಹಂಚೋಣ ಎಂದು ಆಡಳಿತ ಮಂಡಳಿ ಹೇಳಿದಾಗ ಇತಿಹಾಸದ ಅತಿಥಿ ಉಪನ್ಯಾಸಕ ಎದ್ದು ನಿಂತು ಕೇಳಿದರು: "ಜೊತೆಯಲ್ಲಿ ಪಾಠ ಮಾಡಿದರೆ ಅರ್ಧ ಸಂಬಳ, ಒಬ್ಬನೇ ಮಾಡಿದರೆ ಪೂರ್ತಿ ಸಂಬಳವಾದರೆ ನಾನು ಯಾಕೆ ಜೊತೆಯಲ್ಲಿ ಮಾಡಲಿ?" ಸಭೆಯಲ್ಲಿ ಉತ್ತರವಿರಲಿಲ್ಲ.

ವಾರ ಬಿಟ್ಟು ವಾರ ಒಬ್ಬೊಬ್ಬರ ಲೆಕ್ಕಕ್ಕೆ ಬರೆಯುವ ಏರ್ಪಾಡನ್ನು ಮೊದಲು ಪ್ರಯತ್ನಿಸಿದರು. ತನ್ನ ಲೆಕ್ಕಕ್ಕೆ ಬರದ ವಾರ ಅಧ್ಯಾಪಕರು ತಡವಾಗಿ ಬರತೊಡಗಿದರು, ಆಮೇಲೆ ಬಾರದೆ ಉಳಿದರು. ಕೊನೆಗೆ ನಿಂತ ಸೂತ್ರ ಹೀಗಿದೆ: ಜಂಟಿ ತರಗತಿಯ ಗಂಟೆ ಇಬ್ಬರಿಗೂ ಪೂರ್ತಿ ಲೆಕ್ಕ, ಆದರೆ ಒಟ್ಟು ಗಂಟೆಗಳಲ್ಲಿ ಮೂರನೆಯ ಒಂದು ಭಾಗ ಮಾತ್ರ ಜಂಟಿ, ಹೆಚ್ಚುವರಿ ಖರ್ಚು ಆಡಳಿತ ಮಂಡಳಿಯದು. ಖಾಲಿ ಬೀಳುತ್ತಿದ್ದ ಗಂಟೆಗಳು ತುಂಬಿದ್ದರಿಂದ ಆಡಳಿತ ಮಂಡಳಿ ಒಪ್ಪಿತು. ಕಾಲೇಜಿಗೆ ಈ ಕೋರ್ಸಿನ ಅಗತ್ಯ ಇಲ್ಲದಿದ್ದಿದ್ದರೆ ಒಪ್ಪುತ್ತಿತ್ತೇ ಎಂಬುದು ನನ್ನ ಅನುಮಾನ. ಇಂಥ ಕೋರ್ಸು ಆರಂಭಿಸಲು ಸಲಹೆ ಕೇಳಿಕೊಂಡು ಬರುವ ಕಾಲೇಜುಗಳಿಗೆ ನಾನೀಗ ಪಠ್ಯಕ್ರಮಕ್ಕಿಂತ ಮೊದಲು ಕಾರ್ಯಭಾರದ ಪಟ್ಟಿ ತೋರಿಸಿ ಎನ್ನುತ್ತೇನೆ. ಕಲಿಯಲು ಬಂದವರ ತಲೆಯಲ್ಲಿ ನೀರು, ದರ, ಕಾಗದ ಪತ್ರ ಎಲ್ಲವೂ ಮೊದಲೇ ಕೂಡಿಕೊಂಡಿರುತ್ತವೆ. ಬೇರೆ ಬೇರೆಯಾಗಿ ಕುಳಿತಿರುವವರು ಅಧ್ಯಾಪಕರು. ಅವರನ್ನು ಒಂದೆಡೆ ಕೂರಿಸಲು ಹಣ ಬೇಕು.

ತರಗತಿಯ ದಿನವೂ ಬದಲಾಯಿತು. ಈ ಭಾಗದಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ ಅನೇಕ ಮನೆಗಳಲ್ಲಿ ಆ ದಿನ ಹೊಲದ ಕೆಲಸ ಹಗುರ. ಮಕ್ಕಳು ಶಾಲೆಗೆ ಹೋದ ಮೇಲಿನ ಹೊತ್ತು, ಸೋಮವಾರ ಮತ್ತು ಗುರುವಾರ. ನಾಟಿಗೆ ಮತ್ತು ಭತ್ತದ ಕೊಯ್ಲಿಗೆ ರಜೆ. ಹಾಜರಾತಿ ಸುಧಾರಿಸಿತು. ಆದರೆ ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರೆಲ್ಲ ಈ ಬದಲಾವಣೆಯಿಂದ ಹೊರಗುಳಿದರು. ಅವರಿಗೆ ಇದ್ದದ್ದು ಭಾನುವಾರವೊಂದೇ. ಬೇಸಾಯದ ಮನೆಗಳನ್ನು ಆಯ್ದುಕೊಂಡು ಕೂಲಿಯ ಮನೆಗಳನ್ನು ಬಿಟ್ಟುಕೊಟ್ಟ ನಿರ್ಧಾರ ಇದು. ಎರಡು ತಂಡ ನಡೆಸಲು ಗಂಟೆಗಳಿರಲಿಲ್ಲ.

ಗೊತ್ತಿರುವುದಕ್ಕೆ ಕ್ರೆಡಿಟ್

ಬದುಕಿನಲ್ಲಿ ಕಲಿತದ್ದಕ್ಕೆ ಅಂಕ ಕೊಡುವ ವಿಚಾರದಲ್ಲಿ ಅಮೆರಿಕದ ಕಾಲೇಜುಗಳು 1970ರ ದಶಕದಿಂದ ಒಂದು ಸೂತ್ರ ಪಾಲಿಸುತ್ತವೆ: ಕ್ರೆಡಿಟ್ ಅನುಭವಕ್ಕಲ್ಲ, ಅನುಭವದಿಂದಾದ ಕಲಿಕೆಗೆ. ನಮ್ಮಲ್ಲೂ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಇದಕ್ಕೆ ಬಾಗಿಲು ತೆರೆದಿದೆ. ಕಾಲೇಜು 20ರಲ್ಲಿ 4 ಕ್ರೆಡಿಟ್ ಇದಕ್ಕೆಂದು ಮೀಸಲಿಟ್ಟಿತು. ಕಲಿಕೆಯನ್ನು ಅಳೆಯಲು ಮೂರು ದಾರಿ: ದಾಖಲೆಗಳ ಕಡತ, ಮಾಡಿ ತೋರಿಸುವುದು, ಇಬ್ಬರು ಅಧ್ಯಾಪಕರ ಪ್ರಶ್ನೆ.

ನೀರುಗಂಟಿ ನಾಲೆಯ ಮೇಲೆಯೇ ಪರೀಕ್ಷೆ ಕೊಟ್ಟರು. ತೂಬು ಎತ್ತುವುದನ್ನು ತೋರಿಸಿದರೆ ಸಾಲದು, ಪರಿಚಯವಿಲ್ಲದ ಇನ್ನೊಂದು ಉಪನಾಲೆಯಲ್ಲಿ ಹೂಳಿದ್ದರೆ ನೀರಿನ ಸರದಿಯನ್ನು ಹೇಗೆ ಬದಲಿಸುವಿರಿ ಎಂದು ಕೇಳಿದರು. ಅವರು ಕಡ್ಡಿಯಿಂದ ಮಣ್ಣಿನ ಮೇಲೆ ಗೆರೆ ಎಳೆದು ವಿವರಿಸಿದರು. ನಾಲ್ಕೂ ಕ್ರೆಡಿಟ್ ಸಿಕ್ಕಿತು.

ಒಂದು ಅವಧಿ ಪೂರೈಸಿದ್ದ ಪಂಚಾಯಿತಿ ಸದಸ್ಯೆಯೊಬ್ಬರು ನಡಾವಳಿ ಪುಸ್ತಕದ ಪ್ರತಿಗಳನ್ನು ನೀಟಾಗಿ ಜೋಡಿಸಿ ತಂದಿದ್ದರು. ಯಾವುದಾದರೂ ಒಂದು ನಿರ್ಣಯ ಹೇಗೆ ಆಯಿತೆಂದು ಹೇಳಿ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಹಿ ನನ್ನದು ಮೇಡಂ, ಮಾತಾಡಿದ್ದು ನಮ್ಮ ಯಜಮಾನರು" ಎಂದರು. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರಿಗಿದೆ. ಆ ಅರ್ಧದೊಳಗೆ ಏನು ನಡೆಯುತ್ತದೆಂದು ಅವರು ಒಂದೇ ವಾಕ್ಯದಲ್ಲಿ ಹೇಳಿದ್ದರು. ಪ್ರಾಮಾಣಿಕತೆಗೆ ಮೆಚ್ಚಿ ಕ್ರೆಡಿಟ್ ಕೊಡೋಣ ಎಂದು ಒಬ್ಬ ಅಧ್ಯಾಪಕರು ವಾದಿಸಿದರು. ಸಂಯೋಜಕಿ ಒಪ್ಪಲಿಲ್ಲ, ನಾನೂ ಒಪ್ಪಲಿಲ್ಲ. ಕರುಣೆಯಿಂದ ಕೊಟ್ಟ ನಾಲ್ಕು ಕ್ರೆಡಿಟ್ ನೀರುಗಂಟಿಯ ನಾಲ್ಕನ್ನೂ ಹಗುರ ಮಾಡುತ್ತಿತ್ತು. ಆ ಸದಸ್ಯೆ ಅದೇ ನಡಾವಳಿ ಪುಸ್ತಕವನ್ನಿಟ್ಟುಕೊಂಡು, ಯಾವ ನಿರ್ಣಯದಲ್ಲಿ ಯಾರು ಮಾತಾಡಿದರು ಎಂಬುದನ್ನೇ ಕಾರ್ಯಯೋಜನೆ ಮಾಡಿ ಆ ಕ್ರೆಡಿಟ್‌ಗಳನ್ನು ಮುಂದಿನ ಅವಧಿಯಲ್ಲಿ ಗಳಿಸಿದರು. ಇಡೀ ಕೋರ್ಸಿನಲ್ಲಿ ಬಂದ ಬರಹಗಳಲ್ಲಿ ಅದಕ್ಕೆ ಸಾಟಿಯಾದದ್ದು ಇನ್ನೊಂದಿಲ್ಲ.

ಫಲಿತಾಂಶ

ಮೊದಲ ತಂಡದಲ್ಲಿ ಮುಗಿಸಿದವರು ಅರ್ಧದಷ್ಟು, ಎರಡನೆಯದರಲ್ಲಿ ಬಹುಪಾಲು. ಆದರೆ ಎರಡನೆಯ ತಂಡ ಗಾತ್ರದಲ್ಲಿ ಚಿಕ್ಕದು, ಮನೆಯಲ್ಲಿ ತುಸು ಅನುಕೂಲವಿದ್ದವರೇ ಹೆಚ್ಚು. ಹಾಗಾಗಿ ಎಲ್ಲ ಶ್ರೇಯಸ್ಸನ್ನೂ ವಿನ್ಯಾಸಕ್ಕೆ ಕೊಡಲಾಗದು. ಕಬ್ಬಿನ ಬಾಕಿಗಾಗಿ ತರಗತಿಯಲ್ಲಿ ಬರೆದ ಮನವಿಗಳು ಸಂಬಂಧಪಟ್ಟ ಕಚೇರಿಗೆ ಹೋದವು, ಹಣವೂ ಬಂತು. ಮನವಿಯಿಂದಲೇ ಬಂತೆಂದು ಕಾಲೇಜಿನ ಕರಪತ್ರದಲ್ಲಿ ಹಾಕಲು ಹೊರಟಾಗ ಸಂಯೋಜಕಿ ತಡೆದರು, ಏಕೆಂದರೆ ಮನವಿ ಕೊಡದವರಿಗೂ ಅದೇ ವಾರ ಹಣ ಬಂದಿತ್ತು.

ಬಗೆಹರಿಯದ ದೊಡ್ಡ ತೊಡಕು ಪದವಿಯದು. ಮೊದಲ ವರ್ಷದ ಕರಪತ್ರದಲ್ಲಿ 'ಪದವಿಗೆ ದಾರಿ' ಎಂದು ಅಚ್ಚಾಗಿತ್ತು. ಬಂದವರಲ್ಲಿ ಹಲವರದ್ದು ಎಸ್ಸೆಸ್ಸೆಲ್ಸಿಗೆ ನಿಂತ ಓದು. ಪಿಯುಸಿ ಅಥವಾ ತತ್ಸಮಾನ ಪರೀಕ್ಷೆ ಇಲ್ಲದೆ ಬಿಎಗೆ ಪ್ರವೇಶವಿಲ್ಲ. ಸರ್ಟಿಫಿಕೇಟ್ ಎಷ್ಟು ಚೆನ್ನಾಗಿದ್ದರೂ ಆ ಬೇಲಿ ದಾಟಿಸದು. ಎರಡನೆಯ ವರ್ಷ ಆ ಸಾಲನ್ನು ತೆಗೆದು, ಯಾರು ಎಲ್ಲಿಯವರೆಗೆ ಹೋಗಬಹುದೆಂಬ ಪಟ್ಟಿ ಹಾಕಿದರು. ಪಿಯುಸಿ ಆದವರಲ್ಲಿ ಕೆಲವರು ಬಿಎಗೆ ಸೇರಿದ್ದಾರೆ. ಉಳಿದವರಿಗೆ ಮುಕ್ತ ಶಾಲೆಯ ಮೂಲಕ ಹನ್ನೆರಡನೆಯ ತರಗತಿ ಕಟ್ಟುವ ದಾರಿಯನ್ನು ಸಂಯೋಜಕಿ ವಿವರಿಸಿದಾಗ, ಸಂಘದ ಲೆಕ್ಕ ಬರೆಯುವವರು ನಕ್ಕು, "ಹಣ ಎಂದರೇನು ಅಂತ ಮತ್ತೆ ಬರೆಯಬೇಕಾ ಮೇಡಂ?" ಎಂದರು. ಆದರೂ ಅರ್ಜಿ ತುಂಬಿದ್ದಾರೆ.

ನಾಲ್ಕನೆಯ ಪ್ರಶ್ನೆಯಾಗಿ ಮನೆಯ ಆಸ್ಪತ್ರೆ ಖರ್ಚನ್ನು ತೆಗೆದುಕೊಳ್ಳಬೇಕೆಂಬ ಬೇಡಿಕೆ ಕಲಿಯುವವರಿಂದಲೇ ಬಂದು ಅಧ್ಯಯನ ಮಂಡಳಿಯ ಮುಂದಿದೆ. ಪ್ರಾಣಿಶಾಸ್ತ್ರ ಮತ್ತು ಸಮಾಜಶಾಸ್ತ್ರ ವಿಭಾಗಗಳು ಪಠ್ಯದ ಕರಡನ್ನು ಒಪ್ಪಿವೆ. ಜಂಟಿ ಗಂಟೆಗಳ ಖರ್ಚಿನ ಬಗ್ಗೆ ಆಡಳಿತ ಮಂಡಳಿ ಇನ್ನೂ ಉತ್ತರಿಸಿಲ್ಲ. ಒಪ್ಪಿದರೆ ಮುಂದಿನ ತಂಡದಿಂದ ಭಾನುವಾರವೂ ಒಂದು ತರಗತಿ ನಡೆಯಬಹುದು.